ಅಬಿಡ್ಸ್ ಫುಟ್‌ಪಾತಿನಲ್ಲಿ ‘ಅನುಭವ’

ಭಾನುವಾರ ಅಂಗಡಿಗಳು ಮುಚ್ಚಿರುವಾಗ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತು ಹಳೇ ಪುಸ್ತಕಗಳ ಪಾಲಾಗುತ್ತದೆ. ಹೋದ ತಿಂಗಳು ಅಲ್ಲಿ ತೆಲುಗು ಸಿನಿಮಾ ಹಾಡಿನ ಪುಸ್ತಕಗಳ ಕಟ್ಟೊಂದರಲ್ಲಿ ಕಾಶೀನಾಥರ ‘ಅನುಭವ’ ಸಿಕ್ಕಿತು. ಮಾರುವವರಿಗೆ ಎರಡೂ ಲಿಪಿ ಒಂದೇ ಥರ ಕಂಡಿರಬೇಕು. ಕೆಲವೇ ಹಾಳೆ, ತುಕ್ಕು ಹಿಡಿದ ಪಿನ್ನು, 20 ರೂಪಾಯಿ.

1984ರ ಈ ಚಿತ್ರ ಕನ್ನಡದ ‘ದೊಡ್ಡವರ’ ಹಾಸ್ಯಚಿತ್ರಗಳಿಗೆ ದಾರಿ ತೆರೆಯಿತು. ಹಳ್ಳಿಯ ಬಾಲ್ಯವಿವಾಹ, ಗಂಡು-ಹೆಣ್ಣಿನ ಸಂಬಂಧದ ಬಗ್ಗೆ ಇದ್ದ ಅಜ್ಞಾನ, ಅದರಿಂದಾಗುವ ಪಜೀತಿ ಇದರ ವಸ್ತು. ಕಾಶೀನಾಥರೇ ನಾಯಕ, ನಿರ್ದೇಶಕ. 1986ರಲ್ಲಿ ಶೇಖರ್ ಸುಮನ್, ಪದ್ಮಿನಿ ಕೊಲ್ಹಾಪುರೆ ಅವರನ್ನಿಟ್ಟುಕೊಂಡು ಹಿಂದಿಯಲ್ಲೂ ತೆಗೆದರು. ಇದರಲ್ಲಿ ನಟಿಸಿದ ಉಮಾಶ್ರೀ ಮುಂದೆ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದರು, ರಾಜ್ಯದ ಸಚಿವೆಯೂ ಆದರು. ಕಾಶೀನಾಥರ ಗರಡಿಯಲ್ಲಿ ಪಳಗಿದ ಉಪೇಂದ್ರ 1992ರಲ್ಲಿ ‘ತರ್ಲೆ ನನ್ಮಗ’ ನಿರ್ದೇಶಿಸಿದರು.

ಇಷ್ಟೆಲ್ಲ ಇದ್ದರೂ ಈ ಪುಸ್ತಕ ಯಾರ ಮನೆಯಲ್ಲೂ ಸಿಗುವುದಿಲ್ಲ. ರಾಯಚೂರಿನ ನಮ್ಮ ಮನೆಯ ಟ್ರಂಕಿನಲ್ಲಿ ರಾಜಕುಮಾರ್ ಚಿತ್ರಗಳ ಹಾಡಿನ ಪುಸ್ತಕ ರಾಶಿ ಇವೆ. ‘ಅನುಭವ’ ಇಲ್ಲ. ಇಂಥ ಸಿನಿಮಾಕ್ಕೆ ಗಂಡಸರು ಸೆಕೆಂಡ್ ಶೋಗೆ ಹೋಗಿ, ಪುಸ್ತಕ ಕೊಂಡರೂ ಮನೆಯ ತಿರುವಿನಲ್ಲೇ ಬಿಸಾಡಿ ಬರುತ್ತಿದ್ದರೇನೋ. ಸಂಗ್ರಾಹಕರ ಲೆಕ್ಕ ಇಲ್ಲಿ ತಿರುಗುಮುರುಗು: ಜನ ಪ್ರೀತಿಯಿಂದ ಎತ್ತಿಟ್ಟದ್ದು ಅಗ್ಗ, ನಾಚಿ ಎಸೆದದ್ದು ಅಪರೂಪ. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ರೀಲುಗಳ ಜೊತೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕಾಪಿಡುತ್ತದೆ. ಆದರೆ ಎಸೆದುಬಿಟ್ಟದ್ದನ್ನು ಅವರಾದರೂ ಎಲ್ಲಿಂದ ತಂದಾರು?

ಹಾಗಂತ ನನಗೆ ಚಿತ್ರದ ಮೇಲೆ ಕುರುಡು ಅಭಿಮಾನವಿಲ್ಲ. ಎಳೆಯ ಹುಡುಗಿಗೆ ಮದುವೆ ಮಾಡಿ, ಅದರ ಸುತ್ತ ನಗೆ ಹೆಣೆದದ್ದನ್ನು ಈಗ ನೋಡಿದರೆ ಕಸಿವಿಸಿಯಾಗುತ್ತದೆ. ಆ ನಗು ಆ ಪದ್ಧತಿಯ ಮೇಲಿತ್ತೋ, ಆ ಹುಡುಗಿಯ ಮೇಲಿತ್ತೋ ಎಂಬುದನ್ನು ತೂಗಿ ನೋಡಬೇಕಾದರೂ ಸಾಕ್ಷಿ ಉಳಿಯಬೇಕು. ಹೆಮ್ಮೆಯದನ್ನಷ್ಟೇ ಟ್ರಂಕಿನಲ್ಲಿಟ್ಟರೆ ನಾವು ಯಾವುದಕ್ಕೆ ನಕ್ಕೆವು ಎಂಬ ಚರಿತ್ರೆ ಅಳಿಸಿಹೋಗುತ್ತದೆ.

ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಗೆರೆ ಬಂದು ಬಹಳ ಹೊತ್ತಾದ ಮೇಲೆ ಉತ್ತರ ಬಂತು: “ಎಲ್ಲಿ ಸಿಕ್ತಪಾ ಇದು? ಇಟ್ಕೋ. ನಿಮ್ಮವ್ವಗ ತೋರಸಬ್ಯಾಡ.”

ಮುಂದಿನ ಸಲ ಊರಿಗೆ ಹೋದಾಗ ಅದನ್ನು ಅದೇ ಟ್ರಂಕಿನಲ್ಲಿ, ‘ಬಂಗಾರದ ಮನುಷ್ಯ’ದ ಪಕ್ಕ ಇಡುತ್ತೇನೆ. ಅವ್ವನಿಗೆ ತೋರಿಸಿಯೇ ಇಡುತ್ತೇನೆ.