ಕುಂದಾಪುರ ಸೀಮೆಯ ವಿಹಾರ ವಾಹನಗಳು: ಒಡೆತನದ ಖರ್ಚು ಮತ್ತು ಆರೈಕೆಯ ಚರಿತ್ರೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ತೀರ್ಥಯಾತ್ರೆ, ತಿರುಗಾಟ, ಮನರಂಜನೆ ಹಾಗೂ ಪ್ರವಾಸಕ್ಕೆಂದು ಜನ ಸಾಕಿಕೊಂಡು ಬಂದ ವಾಹನಗಳನ್ನು ಈ ಲೇಖನದಲ್ಲಿ ವಿಹಾರ ವಾಹನಗಳೆಂದು ಕರೆಯಲಾಗಿದೆ. ಯಕ್ಷಗಾನ ಮೇಳದ ಲಾರಿ, ಕೊಲ್ಲೂರಿನ ಜೀಪು, ಮನೆಮಂದಿಯ ಓಮ್ನಿ, ಬಾಡಿಗೆಯ ಟೆಂಪೋ ಟ್ರಾವೆಲರ್, ಈಚಿನ ಕ್ಯಾರವಾನ್ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಬೈಂದೂರು ಹಳೆಯ ಕುಂದಾಪುರ ತಾಲ್ಲೂಕಿನಿಂದಲೂ ಬ್ರಹ್ಮಾವರ ಉಡುಪಿ ತಾಲ್ಲೂಕಿನಿಂದಲೂ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಮೂರೂ ಕಡೆ ಹವೆ ಒಂದೇ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಡುವಣ ದಿಕ್ಕಿನಿಂದ ವರ್ಷವಿಡೀ ಉಪ್ಪುಗಾಳಿ. ಹಾಗಾಗಿ ಇಲ್ಲಿ ಗಾಡಿ ಓಡಿಸುವುದಕ್ಕೆ ತಗಲುವ ಖರ್ಚಿಗಿಂತ ಅದನ್ನು ನಿಲ್ಲಿಸಿ ಕಾಪಾಡುವುದಕ್ಕೆ ತಗಲುವ ಖರ್ಚೇ ಒಡೆಯನಿಗೆ ಭಾರ. ಈ ಸೀಮೆಯ ವಾಹನ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಇದೇ ಕೀಲಿ.

ಮೋಟಾರಿಗೆ ಮುಂಚೆ ಮತ್ತು ಆರಂಭದ ಮೋಟಾರು

ಸೀತಾ, ಸ್ವರ್ಣಾ ನದಿಗಳು ಮತ್ತು ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದವು ಕೂಡಿ ಆದ ಪಂಚಗಂಗಾವಳಿ ಈ ನೆಲವನ್ನು ತುಂಡುತುಂಡಾಗಿಸಿವೆ. ಸೇತುವೆಗಳಾಗುವ ಮೊದಲು ಎತ್ತಿನ ಗಾಡಿಯಾಗಲಿ ಮೋಟಾರಾಗಲಿ ಹೊಳೆಬಾಗಿಲಿಗೆ ಬಂದು ಜಂಗಲ್ಲಿಗೆ ಕಾಯಬೇಕಿತ್ತು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಈ ತೆಪ್ಪದ ಮೇಲೆ ಗಾಡಿ ಏರಿಸುವಾಗ ಹಲಗೆ ಜಾರಿದರೆ ನಷ್ಟ ಒಡೆಯನದೇ. ಕಡವಿನ ಹಣ, ಕಾದ ಹೊತ್ತು, ಹೊಳೆ ತುಂಬಿದಾಗ ಆಚೆ ದಡದಲ್ಲೇ ಉಳಿಯುವ ಖರ್ಚು ಇವೆಲ್ಲ ಸೇರಿ ಸ್ವಂತ ಕಾರು ಎಂಬುದು ಕೆಲವೇ ಭೂಮಾಲೀಕರ, ವಕೀಲರ, ವೈದ್ಯರ ಮಾತಾಗಿತ್ತು.

ಆಗ ಈ ಪ್ರದೇಶ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂಬದಿಗೆ ಇದ್ದಿಲ ಒಲೆ ಕಟ್ಟಿ ಆ ಗ್ಯಾಸಿನಲ್ಲೇ ಓಡಿಸಿದರು. ಮಸಿ ಕಟ್ಟಿದ ಎಂಜಿನ್ನು ಬಿಚ್ಚಿ ತೊಳೆಯುವ ಕೆಲಸ ಆಗ ಕ್ಲೀನರನ ನಿತ್ಯಕರ್ಮವಾಯಿತು. 1939ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ಮೂರನೆಯವರ ವಿಮೆಯ ಕಡ್ಡಾಯ ಜಾರಿಗೆ ಬಂದದ್ದು 1946ರ ಜುಲೈ 1ರಿಂದ. ಅಂದಿನಿಂದ, ಗಾಡಿಯನ್ನು ಬೀದಿಗಿಳಿಸಬೇಕೆಂದರೆ, ವರ್ಷಕ್ಕೊಮ್ಮೆ ತಪ್ಪದ ಖರ್ಚೊಂದು ಒಡೆಯನ ಲೆಕ್ಕಕ್ಕೆ ಬಿತ್ತು.

ಇಂಥ ಖರ್ಚುಗಳಿಗೆ ಹಣ ಕೂಡಿಡುವುದರಲ್ಲಿ ಅಂದಿನ ದಕ್ಷಿಣ ಕನ್ನಡದ ಬ್ಯಾಂಕುಗಳು ದೊಡ್ಡ ಕೆಲಸ ಮಾಡಿವೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನದ ಕೊನೆಗೆ ಬಂದು ಚಿಲ್ಲರೆ ಒಯ್ಯುವ ಪಿಗ್ಮಿ ಏಜೆಂಟರ ಪದ್ಧತಿ ಬಾಡಿಗೆ ವಾಹನದವರಿಗೆ ಹೇಳಿ ಮಾಡಿಸಿದಂತಿತ್ತು. ವರ್ಷದ ವಿಮೆ, ಎರಡು ಟಯರು, ಮಳೆಗಾಲದ ಕಂತು ಇವನ್ನು ದಿನದಿನದ ದುಡಿಮೆಯಿಂದ ಎತ್ತಿಡುವ ರೂಢಿ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಇಂದಿಗೂ ಬಿಟ್ಟುಹೋಗಿಲ್ಲ.

ಮೇಳದ ಗಾಡಿ

ಮನರಂಜನೆಗೆಂದೇ ಇಟ್ಟುಕೊಂಡ, ಅರ್ಧ ಮನೆಯೂ ಆದ ವಾಹನ ಈ ಸೀಮೆಯಲ್ಲಿ ಯಾವುದೆಂದು ಕೇಳಿದರೆ ಮೇಳದ ಗಾಡಿಯನ್ನೇ ಹೇಳಬೇಕು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳ ಕಲಾವಿದರು ಹಿಂದೆ ಊರಿಂದೂರಿಗೆ ನಡೆದೇ ಹೋಗುತ್ತಿದ್ದರು. ವೇಷಭೂಷಣದ ಪೆಟ್ಟಿಗೆಗಳನ್ನು ಆಳುಗಳು ತಲೆಹೊರೆಯಲ್ಲಿ ಒಯ್ಯುತ್ತಿದ್ದರು. ಟಿಕೆಟಿನ ಡೇರೆ ಮೇಳಗಳು ಬಂದ ಮೇಲೆ ಡೇರೆ, ಕಂಬ, ಕುರ್ಚಿ, ದೀಪದ ಸಾಮಾನು ಹೊರಲು ಲಾರಿಯೇ ಬೇಕಾಯಿತು. ಜನರನ್ನು ಸಾಗಿಸಲು ಬಸ್ಸು ಅಥವಾ ವ್ಯಾನು ಬಂತು. ಬೆಳಗಿನ ಮಂಗಳ ಮುಗಿದ ಮೇಲೆ ಬಣ್ಣ ತೆಗೆದು ಹತ್ತಿ ಕೂತರೆ ಮುಂದಿನ ಊರು ಮುಟ್ಟುವವರೆಗೆ ಸೀಟೇ ಹಾಸಿಗೆ.

ಮೇಳದ ಯಜಮಾನರಿಗೆ ಈ ವಾಹನಗಳು ತಂದ ಲೆಕ್ಕ ಕಠಿಣವಾದದ್ದು. ತಿರುಗಾಟ ಹೆಚ್ಚುಕಡಿಮೆ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ. ಅಷ್ಟರಲ್ಲಿ ಲಾರಿ ಗದ್ದೆಬಯಲಿಗೆ ಇಳಿದು ಏರಿ, ಮಣ್ಣುದಾರಿಯಲ್ಲಿ ಭಾರ ಹೊತ್ತು, ಸ್ಪ್ರಿಂಗ್ ಪ್ಲೇಟುಗಳನ್ನು ಮುರಿದುಕೊಳ್ಳುತ್ತಿತ್ತು. ಉಳಿದ ಐದಾರು ತಿಂಗಳು ಗಳಿಕೆಯಿಲ್ಲದೆ ನಿಲ್ಲಬೇಕು. ಅಕಾಲ ಮಳೆಗೆ ಆಟ ನಿಂತರೆ ಕಲೆಕ್ಷನ್ ಇಲ್ಲ, ಗಾಡಿಯ ಕಂತಿಗೆ ಮಾತ್ರ ರಜೆಯಿಲ್ಲ. ಲಾರಿಯ ತಳ ಕೆರೆಯುವುದು, ಹಲಗೆ ಬದಲಿಸುವುದು, ಎಂಜಿನ್ ಇಳಿಸುವುದು ಎಲ್ಲವನ್ನೂ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಯಕ್ಷಗಾನದ ಚರಿತ್ರೆ ಬರೆದವರು ಭಾಗವತರನ್ನೂ ವೇಷಧಾರಿಗಳನ್ನೂ ದಾಖಲಿಸಿದಷ್ಟು ಅಕ್ಕರೆಯಿಂದ ಮೇಳದ ಡ್ರೈವರುಗಳನ್ನು ದಾಖಲಿಸಿಲ್ಲ. ಅದು ಆಗಬೇಕಾದ ಕೆಲಸ.

ಇಲ್ಲಿಯ ಲಾರಿ ಮತ್ತು ಬಸ್ಸುಗಳ ಸ್ಪ್ರಿಂಗ್ ವಿಷಯ ಬಂದಾಗ ಮಂಗಳೂರಿನ ವಿ. ಎಸ್. ಕುಡ್ವರ ಹೆಸರು ಹೇಳದಿರುವಂತಿಲ್ಲ. ಅವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಲೀಫ್ ಸ್ಪ್ರಿಂಗುಗಳನ್ನು ತಯಾರಿಸಿ, ಬಿಡಿಭಾಗಕ್ಕಾಗಿ ಮುಂಬಯಿ, ಮದ್ರಾಸುಗಳತ್ತ ನೋಡುವ ಕಷ್ಟವನ್ನು ಕರಾವಳಿಗೆ ತಗ್ಗಿಸಿತು.

ಕೊಲ್ಲೂರಿನ ಜೀಪು

ಬೈಂದೂರು ತಾಲ್ಲೂಕಿನ ಕೊಲ್ಲೂರಿನಿಂದ ಕೊಡಚಾದ್ರಿಗೆ (1,343 ಮೀ.) ಜೀಪಿನಲ್ಲಿ ಸುಮಾರು 40 ಕಿ.ಮೀ. ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಯಾತ್ರಿಕರು ಮಾತ್ರ ಹೆಚ್ಚಾಗಿ ಮೂಕಾಂಬಿಕೆಯ ದರ್ಶನ ಮುಗಿಸಿ ಈ ಕಡೆಯಿಂದಲೇ ಹತ್ತುತ್ತಾರೆ. ಕೊನೆಯ ಹತ್ತು ಕಿಲೋಮೀಟರ್ ಆಸುಪಾಸು ದಾರಿ ಎನ್ನುವುದಕ್ಕಿಂತ ಮಳೆನೀರು ಕೊರೆದ ತೋಡು. ಅಲ್ಲಿ ಗಾಡಿ ನಾಲ್ಕು ಚಕ್ರಕ್ಕೂ ಬಲ ಕೊಟ್ಟು, ಲೋ ಗೇರಿನಲ್ಲಿ, ಕಲ್ಲಿನಿಂದ ಕಲ್ಲಿಗೆ ಇಳಿಯುತ್ತ ಏರುತ್ತ ಹೋಗುತ್ತದೆ. ಎಂಟು ಜನ ಕೂತ ಭಾರಕ್ಕೆ ಮೊದಲು ಸವೆಯುವುದು ಕ್ಲಚ್ ಪ್ಲೇಟು. ಆಮೇಲೆ ಸ್ಪ್ರಿಂಗು, ಬುಷ್ಷು, ಸ್ಟೀರಿಂಗಿನ ಕೊಂಡಿಗಳು. ದೂರ ಕಡಿಮೆಯಿದ್ದರೂ ಡೀಸೆಲ್ ಹೆಚ್ಚು ಕುಡಿಯುತ್ತದೆ. ಮೀಟರಿನಲ್ಲಿ ಓಡಿದ ಕಿಲೋಮೀಟರ್ ನೋಡಿ ಈ ಜೀಪುಗಳ ವಯಸ್ಸು ಅಳೆಯಲು ಹೋದವರು ಮೋಸಹೋಗುತ್ತಾರೆ.

ಚಾಲಕರು ಹಳೆಯ ಮಹೀಂದ್ರಾ ಗಾಡಿಗಳನ್ನೇ ನೆಚ್ಚಿಕೊಂಡದ್ದಕ್ಕೆ ಕಾರಣವಿದೆ. ಎಲೆಕ್ಟ್ರಾನಿಕ್ ಭಾಗಗಳಿಲ್ಲದ ಎಂಜಿನ್ನನ್ನು ದಾರಿಬದಿಯಲ್ಲಿ ಸ್ಪ್ಯಾನರು ಹಿಡಿದೇ ಸರಿಮಾಡಬಹುದು, ಬಿಡಿಭಾಗ ಊರ ಗ್ಯಾರೇಜಿನಲ್ಲಿ ಸಿಗುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕ ಬಂದ ಮೇಲಿನ ಗಾಡಿಗಳಲ್ಲಿ ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡುವವನು ಬೇಕು. ಬಾಡಿಗೆ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಎಫ್‌ಸಿ (ವಾಹನದ ಯೋಗ್ಯತಾ ಪತ್ರ) ಮಾಡಿಸಬೇಕು. ಎಫ್‌ಸಿಗೆ ಮುಂಚಿನ ಟಿಂಕರಿಂಗ್, ಪೇಂಟಿಂಗ್, ಹೊಸ ಟಯರು ಸೇರಿದರೆ ಆ ತಿಂಗಳ ಗಳಿಕೆ ಪೂರ್ತಿ ಅದಕ್ಕೇ ಸಂದಾಯ. ಜಡಿಮಳೆಯಲ್ಲಿ ಬೆಟ್ಟದ ದಾರಿ ಮುಚ್ಚಿದಾಗ ಜೀಪಿನ ಆದಾಯವೂ ನಿಲ್ಲುತ್ತದೆ.

ಮನೆಯ ಓಮ್ನಿ

ಮಾರುತಿ ವ್ಯಾನ್ 1984ರಲ್ಲಿ ಬಂತು, ಓಮ್ನಿ ಎಂಬ ಹೆಸರಿನಲ್ಲಿ 2019ರವರೆಗೆ ತಯಾರಾಯಿತು. ಕರಾವಳಿಯ ಮಧ್ಯಮ ವರ್ಗಕ್ಕೆ ತಿರುಗಾಟದ ಗಾಡಿಯನ್ನು ಮೊದಲು ಎಟುಕಿಸಿದ್ದು ಅದೇ. ಹಿಂದಿನ ಸೀಟು ತೆಗೆದು ಚಾಪೆ ಹಾಸಿ, ಒಂದು ಬುಟ್ಟಿಯಲ್ಲಿ ಅವಲಕ್ಕಿ, ನೀರಿನ ಕ್ಯಾನು ಇಟ್ಟುಕೊಂಡು ಶೃಂಗೇರಿ, ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿಬಂದ ಮನೆಗಳು ಎಷ್ಟೋ. ಹೊಸ ಗಾಡಿ ಬಂದರೆ ಆನೆಗುಡ್ಡೆಯ ಗಣಪತಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿಯೇ ಮನೆಗೆ ತರುವುದು ಪದ್ಧತಿ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಗಿದ್ದುದರಿಂದ ಸೀಟು ಎತ್ತಿದರೆ ಕೆಲಸ ಶುರು. ಸರ್ವಿಸಿಗೆ ದೊಡ್ಡ ಹಣ ಬೇಡ. ಆದರೆ ಅದರ ತಗಡು ತೆಳು, ಮತ್ತು ಈ ಹವೆ ಅದಕ್ಕೆ ಆಗಿಬರಲಿಲ್ಲ.

ತುಕ್ಕು ಹಿಡಿಯುವ ಬಗೆ ಇಲ್ಲಿ ಎಲ್ಲ ಗ್ಯಾರೇಜಿನವರಿಗೂ ಕಂಠಪಾಠ. ಬಾಗಿಲ ಕೆಳ ಅಂಚಿನಲ್ಲಿ ನೀರು ಬಸಿದುಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪುಮಣ್ಣಿನ ಕೆಸರು ಅವನ್ನು ಮುಚ್ಚಿದರೆ ಮಳೆನೀರು ಬಾಗಿಲೊಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟು ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗೆ ಉಳಿದಿರುವುದು ಪುಡಿ. ಹಿಡಿಸೂಡಿಯ ಕಡ್ಡಿಯೊಂದನ್ನು ಆ ತೂತಿಗೆ ಹಾಕಿ ತಿರುಗಿಸುವ ಎರಡು ನಿಮಿಷದ ಕೆಲಸ ಸಾವಿರಾರು ರೂಪಾಯಿಯ ಟಿಂಕರಿಂಗ್ ಉಳಿಸುತ್ತದೆ. ಸ್ಲೈಡಿಂಗ್ ಬಾಗಿಲ ಹಳಿ, ಫುಟ್‌ಬೋರ್ಡ್, ಸೈಲೆನ್ಸರಿನ ಬೆಸುಗೆ, ಬ್ಯಾಟರಿ ಇಡುವ ತಟ್ಟೆ ಇವು ಆಮೇಲಿನ ಸರದಿ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಗಾಳಿ ಜೋರಿದ್ದ ದಿನ ಕಡಲ ತುಂತುರು ರಸ್ತೆ ದಾಟಿ ಬರುತ್ತದೆ. ಅಲ್ಲಿ ಸಂಜೆ ಕಳೆದ ಗಾಡಿಯನ್ನು ಅದೇ ರಾತ್ರಿ ಸಿಹಿನೀರಿನಲ್ಲಿ, ಮುಖ್ಯವಾಗಿ ಅಡಿಯಿಂದ, ತೊಳೆಯಬೇಕು. ಕೋಡಿ, ಗಂಗೊಳ್ಳಿಯಂತಹ ಕಡಲಂಚಿನ ಜಾಗಗಳಲ್ಲಿ ಬೇಸಗೆ ಬಂತೆಂದರೆ ಬಾವಿನೀರೇ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಅಂಡರ್‌ಕೋಟಿಂಗ್ ಎಂಬುದು ಅಂಗಡಿಗೆ ಬರುವ ಮೊದಲು ಛಾಸಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುತ್ತಿದ್ದರು. ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಬಲ್ಲ ಊರಿಗೆ ಎಣ್ಣೆಯಿಂದ ಕಾಪಾಡುವ ಉಪಾಯ ಯಾರೂ ಕಲಿಸಬೇಕಾಗಿರಲಿಲ್ಲ. ಹಳೆಯ ಆಯಿಲ್ ರಬ್ಬರನ್ನು ಹಾಳುಮಾಡುತ್ತದೆ, ಮಳೆಗೆ ತೊಳೆದು ಬಾವಿಯ ಬುಡಕ್ಕೂ ಇಳಿಯುತ್ತದೆ. ಅದನ್ನು ಬಿಟ್ಟದ್ದು ಒಳ್ಳೆಯದೇ ಆಯಿತು.

ಊರಲ್ಲಿ ಉಳಿದ ಕಾರು

ಮುಂಬಯಿ, ಬೆಂಗಳೂರುಗಳ ಹೋಟೆಲು ಉದ್ಯಮ ಮತ್ತು ಕೊಲ್ಲಿ ದೇಶಗಳ ದುಡಿಮೆ ಈ ಮೂರು ತಾಲ್ಲೂಕುಗಳ ಮನೆಮನೆಯ ಕಥೆ. ಊರಿಗೆ ಬಂದಾಗ ತಿರುಗಲೆಂದು ಕೊಂಡು ವರ್ಷದ ಬಹುಕಾಲ ಅಂಗಳದಲ್ಲಿ ನಿಲ್ಲುವ ಕಾರುಗಳು ಇಲ್ಲಿ ವಿಪರೀತ. ಓಡದ ಗಾಡಿಗೆ ಖರ್ಚಿಲ್ಲ ಎಂಬ ನಂಬಿಕೆ ಬಲವಾಗಿದೆ, ಮತ್ತು ಅದು ತಪ್ಪು. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಸೀಟಿಗೆ ಬೂಷ್ಟು ಬರುತ್ತದೆ. ಬಾನೆಟ್ಟಿನೊಳಗೆ ಗೂಡು ಕಟ್ಟಿದ ಇಲಿ ವೈರು ಕಡಿದರೆ ದುರಸ್ತಿಯ ಬಿಲ್ಲು ವರ್ಷದ ವಿಮೆಯನ್ನು ಮೀರಬಹುದು. ನುಸಿಗುಳಿಗೆ, ಹೊಗೆಸೊಪ್ಪು ಇಟ್ಟು ನೋಡುವವರಿದ್ದಾರೆ. ವಾರಕ್ಕೊಮ್ಮೆ ನೆರೆಮನೆಯ ಹುಡುಗನ ಕೈಗೆ ಕೀ ಕೊಟ್ಟು ನಾಲ್ಕೈದು ಮೈಲು ಓಡಿಸುವುದೇ ನಿಜವಾದ ಮದ್ದು. ತೆಂಗಿನ ಮರದಡಿ ಕಾರು ನಿಲ್ಲಿಸಬೇಡವೆಂಬ ಹಿರಿಯರ ಮಾತಿನ ಬೆಲೆ ಕಾಯಿ ಬಿದ್ದ ದಿನ ಗೊತ್ತಾಗುತ್ತದೆ.

ಕಾಗದಪತ್ರದ ಖರ್ಚೂ ನಿಲ್ಲುವುದಿಲ್ಲ. ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ 1957ರ ಅಡಿ ಸ್ವಂತ ಕಾರಿಗೆ ಈಗ ಜೀವಿತಾವಧಿ ತೆರಿಗೆ. ಅದು ಇತ್ತೀಚಿನ ವರ್ಷಗಳಲ್ಲಿ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗೆ, ಮೇಲೆ ಸೆಸ್ಸು; ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಒಂದು. ಮಹಾರಾಷ್ಟ್ರದ ನಂಬರಿನ ಗಾಡಿ ಇಲ್ಲಿ 12 ತಿಂಗಳು ಮೀರಿ ಉಳಿದರೆ ಉಡುಪಿಯ ಕೆಎ-20 ನೋಂದಣಿಗೆ ಬದಲಿಸಬೇಕು, ತೆರಿಗೆ ಮತ್ತೆ ಕಟ್ಟಬೇಕು. ಮೂರನೆಯವರ ವಿಮೆ 2022ರ ಪರಿಷ್ಕರಣೆಯಂತೆ 1,000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂ., 1,500 ಸಿಸಿ ಮೀರಿದ್ದಕ್ಕೆ 7,897 ರೂ. ಪೂರ್ಣ ವಿಮೆ ಇದ್ದರೂ ನೆರೆನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಒಡೆದರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರದವರಿಗೆ ಪರಿಹಾರ ದಕ್ಕುವುದು ಕಷ್ಟ. ಹೆದ್ದಾರಿ 66 ಚತುಷ್ಪಥವಾದ ಮೇಲೆ ಸಾಸ್ತಾನ, ಶಿರೂರು ಟೋಲ್‌ಗೇಟುಗಳ ಖರ್ಚೂ ಸೇರಿತು; ಸ್ಥಳೀಯರಿಗೆ ವಿನಾಯಿತಿ ಬೇಕೆಂದು ಸಾಸ್ತಾನದಲ್ಲಿ ಮತ್ತೆ ಮತ್ತೆ ಹೋರಾಟ ನಡೆದಿದೆ.

ಕ್ಯಾರವಾನ್

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಹೆಸರಾದದ್ದು ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕ 1885ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿಸಿದ ಕುದುರೆಗಾಡಿ, ವಾಂಡರರ್. ಭಾರತದಲ್ಲಿ ಈ ರೂಢಿ ತಡವಾಗಿ ಬಂತು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿತು, ಕೇರಳ 2021ರಲ್ಲಿ ತನ್ನದೇ ಯೋಜನೆ ಪ್ರಕಟಿಸಿತು. ಸ್ವಂತ ಕ್ಯಾರವಾನ್ ಬೇಕೆಂದವರು ಹೆಚ್ಚಾಗಿ ಟೆಂಪೋ ಟ್ರಾವೆಲರನ್ನೇ ಆರಿಸುತ್ತಾರೆ. 1987ರಿಂದ ಇಲ್ಲಿ ಓಡುತ್ತಿರುವ ಆ ಗಾಡಿಯ ಮೆಕ್ಯಾನಿಕ್ ಎಲ್ಲ ಪೇಟೆಯಲ್ಲೂ ಸಿಗುತ್ತಾನೆ. ಆದರೆ ಸೀಟು ಕಿತ್ತು ಮಂಚ, ಒಲೆ ಕೂರಿಸಿ ಬಿಟ್ಟರೆ ಆಗದು. ಈಗಿನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನಕವಿದೆ. ಅದರಂತೆ ಕಟ್ಟಿಸಿ ಒಪ್ಪಿಗೆ ಪಡೆಯುವುದೇ ಒಂದು ದೊಡ್ಡ ಖರ್ಚು.

ಕರಾವಳಿಯಲ್ಲಿ ಕ್ಯಾರವಾನ್ ಸಾಕುವುದೆಂದರೆ ಗಾಡಿಯ ಕಷ್ಟದ ಜೊತೆ ಮನೆಯ ಕಷ್ಟವನ್ನೂ ಹೊರುವುದು. ಕಿಟಕಿಯ ರಬ್ಬರ್ ಒಂದೆಡೆ ಬಿಟ್ಟರೆ ಜುಲೈ ಹೊತ್ತಿಗೆ ಪ್ಲೈವುಡ್ ಉಬ್ಬುತ್ತದೆ. ಹಾಸಿಗೆ, ಪರದೆಗಳನ್ನು ಮೇ ಕೊನೆಗೇ ಇಳಿಸಿ ಮನೆಯ ಅಟ್ಟಕ್ಕೆ ಹಾಕಬೇಕು, ನೀರಿನ ಟ್ಯಾಂಕು ಬರಿದು ಮಾಡಬೇಕು, ಗ್ಯಾಸಿನ ಪೈಪು ವರ್ಷವರ್ಷ ನೋಡಿಸಬೇಕು. ಟಾರ್ಪಾಲು ಬಿಗಿಯಾಗಿ ಹೊದಿಸಿದರೆ ಒಳಗೆ ಗಾಳಿಯಾಡದೆ ಬೂಷ್ಟು ಹೆಚ್ಚುತ್ತದೆ. ತಗಡಿನ ಮಾಡು, ತೆರೆದ ಬದಿಗಳ ಎತ್ತರದ ಶೆಡ್ಡೇ ಒಳ್ಳೆಯದು. ತ್ರಾಸಿ, ಮರವಂತೆ, ಒತ್ತಿನೆಣೆಗಳ ನೋಟಕ್ಕೆ ಬರುವ ಕ್ಯಾರವಾನಿನವರಿಗೆ ಮುಖ್ಯ ಅಗತ್ಯವಾದ ಶೌಚದ ಟ್ಯಾಂಕು ಖಾಲಿ ಮಾಡುವ ಜಾಗ, ಸಿಹಿನೀರು, ರಾತ್ರಿಯ ವಿದ್ಯುತ್ತು ಸಿಗುವುದು ಪೆಟ್ರೋಲ್ ಬಂಕಿನವರ ಅಥವಾ ಹೋಟೆಲಿನವರ ಒಳ್ಳೆಯತನದಿಂದ.

ಕ್ಯಾರವಾನಾಗಲಿ ಕಾರಾಗಲಿ, ಸ್ವಂತ ವಾಹನದ ನೋಂದಣಿಗೆ 15 ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರಿಗೆ 600 ರೂ. ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000 ರೂ. ನಿಗದಿಯಾಯಿತು. ಹಳೆಯ ಓಮ್ನಿಗಳು ಇದರಿಂದ ಒಂದೊಂದಾಗಿ ಗುಜರಿ ಸೇರುತ್ತಿವೆ, ಅವುಗಳ ಜಾಗಕ್ಕೆ ಬಂದ ಈಕೋ ವ್ಯಾನುಗಳ ಹಿಂಬದಿಯಲ್ಲಿ ಈಗ ಚಾಪೆ ಹಾಸುತ್ತಿದ್ದಾರೆ.