ಒಂದನೆಯ ತರಗತಿಯ ಸ್ಲೇಟು
(ಕಾಸರಗೋಡು ಸೀಮೆಯ ಕಥೋಲಿಕ ಶಾಲೆಗಳಲ್ಲಿ ಮೊದಲ ವರ್ಷದ ಕಲಿಕೆ)

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೇಲಿನಿಂದ ಆರಂಭಿಸುತ್ತಾರೆ. ಯಾವ ಕಾಲೇಜು ಯಾವ ವರ್ಷ ಸ್ಥಾಪಿತವಾಯಿತು, ಯಾವ ಆಯೋಗ ಏನೆಂದು ವರದಿಯಿತ್ತಿತು ಎಂಬುದು ಅವರಿಗೆ ಮುಖ್ಯ. ಒಂದನೆಯ ತರಗತಿಯ ಬೆಂಚಿನ ಮೇಲೆ, ಕಾಲು ನೆಲಕ್ಕೆ ಎಟುಕದೆ ಕುಳಿತ ಮಗು ಏನನ್ನು ಕಲಿಯಿತೆಂದು ಕೇಳುವವರು ವಿರಳ. ಆದರೆ ಒಂದನೆಯ ತರಗತಿಯಲ್ಲಿ ಪಾಠ ಹೇಳಿದವರಿಗೆ ಗೊತ್ತು: ಮುಂದಿನ ಎಲ್ಲ ಓದಿಗೂ ಅಲ್ಲಿಯೇ ಪಾಯ ಬೀಳುತ್ತದೆ. ನಮ್ಮ ಗಡಿನಾಡಿನ ಮಟ್ಟಿಗಂತೂ ಇದು ಕೇವಲ ಅಧ್ಯಾಪಕರ ಪ್ರಶ್ನೆಯಲ್ಲ, ಭಾಷೆಯ ಅಳಿವು ಉಳಿವಿನ ಪ್ರಶ್ನೆ.

ಮಂಜೇಶ್ವರ, ಕಯ್ಯಾರು, ಬೇಳ ಮೊದಲಾದ ಕಡೆಗಳಲ್ಲಿ ನೆಲೆಸಿರುವ ಕಥೋಲಿಕ ಕ್ರೈಸ್ತರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಅಂಗಳದ ಆಟಕ್ಕೆ ಇಳಿದರೆ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ. ಆರು ವರ್ಷದ ಮಗು ಈ ನಾಲ್ಕರ ನಡುವೆ ಯಾವ ಅಳುಕೂ ಇಲ್ಲದೆ ಓಡಾಡುತ್ತದೆ. ಆದರೆ ಬರೆಯುವುದಕ್ಕೆ ಕುಳಿತಾಗ ಅದರ ಕೈಗೆ ಮೊದಲು ಬರುತ್ತಿದ್ದುದು ಕನ್ನಡ ಅಕ್ಷರ. ಇದು ಹೇಗಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಕ್ಸೇವಿಯರರು ಕೈಗಂಟೆ ಬಾರಿಸುತ್ತ ಬೀದಿಬೀದಿಯ ಮಕ್ಕಳನ್ನು ಕೂಡಿಸಿ ಧರ್ಮಪಾಠ ಹೇಳುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಅದು ಓದಿನ ಪಾಠವಲ್ಲ, ಬಾಯಿಪಾಠ. ಅದೇ ಸಂಪ್ರದಾಯದಲ್ಲಿ ಆಂಗ್ಲ ಜೆಸುಯಿಟ್ ಥಾಮಸ್ ಸ್ಟೀಫನ್ಸರು ಪೋರ್ತುಗೀಜ್ ಭಾಷೆಯ ಒಂದು ಪ್ರಶ್ನೋತ್ತರ ಗ್ರಂಥವನ್ನು ಕೊಂಕಣಿಗೆ ತಂದರು. ಗುರು ಶಿಷ್ಯರ ಸಂಭಾಷಣೆಯ ರೂಪದ ಆ 'ದೌತ್ರಿನ ಕ್ರಿಸ್ತಾಂ', ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, 1622ರಲ್ಲಿ, ಸಾಸಷ್ಟಿಯ ರಾಚೋಲಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಆ 'ದೌತ್ರಿನ'ವೇ ಜನರ ನಾಲಗೆಯಲ್ಲಿ 'ದೊತೊರ್ನ್' ಆಗಿ ಇಂದಿಗೂ ಉಳಿದಿದೆ. ಮುಂದೆ 1684ರಲ್ಲಿ ಪೋರ್ತುಗೀಜ್ ಸರಕಾರವು ಕೊಂಕಣಿಯನ್ನು ಮೂರು ವರ್ಷಗಳೊಳಗೆ ತ್ಯಜಿಸಬೇಕೆಂದು ಆಜ್ಞೆ ಮಾಡಿತಾದರೂ, ದಕ್ಷಿಣಕ್ಕೆ ವಲಸೆ ಬಂದವರು ಮನೆಮಾತನ್ನೂ ದೊತೊರ್ನನ್ನೂ ಜೊತೆಯಲ್ಲಿಯೇ ತಂದರು.

ಇಲ್ಲಿ ಅವರ ಬಾಳು ಸುಗಮವಾಗಿರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು, ಇಗರ್ಜಿಗಳು ಕೆಡವಲ್ಪಟ್ಟವು. 1799ರ ವರೆಗಿನ ಆ ಹದಿನೈದು ವರ್ಷ ಶಾಲೆಯೂ ಇಲ್ಲ, ಪುಸ್ತಕವೂ ಇಲ್ಲ. ತಾಯಿ ಮಗುವಿನ ಕೈಹಿಡಿದು ಶಿಲುಬೆಯ ಗುರುತನ್ನು ಹಾಕಿಸಿದ್ದೇ ಪಾಠವಾಗಿದ್ದಿರಬೇಕು. ಮರಳಿ ಬಂದವರಲ್ಲಿ ಪ್ರಾರ್ಥನೆ ಉಳಿದಿತ್ತೆಂದ ಮೇಲೆ ಬಾಯಿಪಾಠವನ್ನು ಹಗುರವಾಗಿ ಕಾಣುವಂತಿಲ್ಲ.

ಅಚ್ಚಿನ ಯುಗ ಈ ಜಿಲ್ಲೆಗೆ ಬಂದುದು ಬಾಸೆಲ್ ಮಿಷನ್ನಿನವರಿಂದ. 1834ರಲ್ಲಿ ಮಂಗಳೂರಿಗೆ ಬಂದ ಅವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಅವರು ಪ್ರೊಟೆಸ್ಟಂಟರು, ಪ್ರತಿಯೊಬ್ಬನೂ ಬೈಬಲನ್ನು ತಾನೇ ಓದಬೇಕೆಂಬುದು ಅವರ ಮತ. ಆದುದರಿಂದ ಅವರ ಶಾಲೆಯ ಮೊದಲ ಗುರಿ ಓದು. ಕಥೋಲಿಕರಲ್ಲಾದರೋ ಕೇಳುವುದು, ಹೇಳುವುದು ಮೊದಲು, ಓದುವುದು ಆಮೇಲೆ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಜೆಸುಯಿಟರು ಈ ಎರಡನ್ನೂ ಕೂಡಿಸಿದರು. 1880ರಲ್ಲಿ ಅವರ ಕಾಲೇಜು ತೆರೆಯಿತು. 1882ರಲ್ಲಿ ಕೊಡಿಯಾಲಬೈಲಿನ ಮುದ್ರಣಾಲಯ ಆರಂಭವಾಯಿತು. ಅದೇ ವರ್ಷ ಅವರಲ್ಲೊಬ್ಬರಾದ ಮಫೆಯಿಯವರ ಕೊಂಕಣಿ ವ್ಯಾಕರಣವೂ, ಮರುವರ್ಷ ನಿಘಂಟೂ ಹೊರಬಂದವು. ಕೊಂಕಣಿ ಪ್ರಾರ್ಥನೆಗಳು ಈ ಜಿಲ್ಲೆಯ ಕನ್ನಡ ಲಿಪಿಯಲ್ಲಿ ಅಚ್ಚಾಗಿ ಮನೆಮನೆಗೆ ಹೋದವು. ಹೀಗೆ ಕನ್ನಡ ಅಕ್ಷರವನ್ನು ಕಲಿತ ಮಗು ಎರಡು ಭಾಷೆಗಳ ಓದನ್ನು ಒಮ್ಮೆಗೇ ಗಳಿಸಿತು.

ಇನ್ನು ತರಗತಿಯೊಳಗೆ ನಡೆಯುತ್ತಿದ್ದುದೇನು? ಹಿಂದಿನ ಐಗಳ ಮಠದಲ್ಲಿ ಮಗು ಹೊಯಿಗೆಯ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ಹೊಸ ಶಾಲೆಯಲ್ಲಿ ಸ್ಲೇಟು ಮತ್ತು ಕಡ್ಡಿ ಬಂದವು. ವರ್ಣಮಾಲೆ, ಕಾಗುಣಿತ, ಸಣ್ಣ ಪದಗಳು, ನೂರರ ವರೆಗಿನ ಎಣಿಕೆ, ಮಗ್ಗಿ, ಹಾಡು, ಕೈಕಾಲು ತೊಳೆದು ಬರುವ ಶಿಸ್ತು. ಇವು ಸರಕಾರದ ಪಾಠಗಳು. 1854ರ ಶಿಕ್ಷಣ ಸಂದೇಶದ ಬಳಿಕ ಖಾಸಗಿ ಶಾಲೆಗಳಿಗೂ ಸರಕಾರದ ಅನುದಾನ ಸಿಗತೊಡಗಿತು. ಮದರಾಸು ಆಧಿಪತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಕೆಳಗಿನ ತರಗತಿಗಳ ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದುದನ್ನು ನೋಡಿ ಹಣ ಕೊಡುವ ಪದ್ಧತಿಯಿತ್ತು. ಇನ್‌ಸ್ಪೆಕ್ಟರು ಬರುವ ದಿನ ಅಧ್ಯಾಪಕರ ಎದೆ ಹೇಗೆ ಬಡಿದುಕೊಂಡಿರಬಹುದೆಂಬುದನ್ನು ನಮ್ಮ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ದೊತೊರ್ನನ್ನಾದರೋ ಇನ್‌ಸ್ಪೆಕ್ಟರು ಕೇಳುತ್ತಿರಲಿಲ್ಲ. ಅದನ್ನು ಕೇಳುವವರು ಇಗರ್ಜಿಯ ಪಾದ್ರಿಗಳು. ಹೀಗೆ ಒಂದೇ ಮಗುವಿಗೆ ಇಬ್ಬರು ಪರೀಕ್ಷಕರು.

ಧರ್ಮಪಾಠದಲ್ಲಿ ಮೊದಲ ವರ್ಷಕ್ಕೆ ಸಲ್ಲುವುದು ಅಲ್ಪವೇ. ಶಿಲುಬೆಯ ಗುರುತು, ಕ್ರಿಸ್ತನು ಕಲಿಸಿದ ಪ್ರಾರ್ಥನೆ, ಮರಿಯಮ್ಮನ ಪ್ರಾರ್ಥನೆ, ನಮ್ಮನ್ನು ಸೃಷ್ಟಿಸಿದವರು ಯಾರು ಎಂಬಂತಹ ಸರಳ ಪ್ರಶ್ನೆಗಳು, ಕ್ರಿಸ್‌ಮಸ್ಸಿನ ಗೋದಲಿಯ ಕಥೆ. ಇದಕ್ಕೆ 1910ರಲ್ಲಿ ಹೊಸ ಮಹತ್ತ್ವ ಬಂದಿತು. ಅದುವರೆಗೆ ಮಕ್ಕಳಿಗೆ ಮೊದಲ ಪರಮಪ್ರಸಾದವನ್ನು ಹತ್ತು ಹನ್ನೆರಡು ವರ್ಷಗಳಾಗುವ ತನಕ, ಕೆಲವೆಡೆ ಇನ್ನೂ ತಡವಾಗಿ, ಕೊಡುವ ರೂಢಿಯಿತ್ತು. ಹತ್ತನೆಯ ಪಿಯೂಸ್ ಪೋಪರು ಆ ವರ್ಷದ ಆಗಸ್ಟ್ ತಿಂಗಳಲ್ಲಿ, ಏಳು ವರ್ಷದ ಸುಮಾರಿಗೆ ವಿವೇಕ ಮೂಡುತ್ತಲೇ ಅದನ್ನು ಕೊಡಬಹುದೆಂದು ವಿಧಿಸಿದರು. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದವನ್ನು ಮಗು ತನ್ನ ಶಕ್ತ್ಯನುಸಾರ ಅರಿತರೆ ಸಾಕೆಂಬುದು ಅದರ ತಾತ್ಪರ್ಯ. ಇದರಿಂದ ಒಂದನೆಯ ತರಗತಿಯೇ ಸಿದ್ಧತೆಯ ಮೊದಲ ಮೆಟ್ಟಿಲಾಯಿತು. ಕಂಠಪಾಠ ಮಾತ್ರವಲ್ಲ, ಅರ್ಥವೂ ಬೇಕೆಂಬ ಒತ್ತಾಯ ಅಧ್ಯಾಪಕರ ಮೇಲೆ ಬಿತ್ತು.

ಸೆಪ್ಟೆಂಬರ್ ತಿಂಗಳ ಮೊಂತಿ ಹಬ್ಬವೂ ಮಕ್ಕಳಿಗೊಂದು ಪಾಠವೇ. ಎಂಟನೆಯ ತಾರೀಕಿಗೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದವಾಗುತ್ತದೆ. ನೆರೆಯ ತುಳುವರ ಮನೆಯಲ್ಲಿಯೂ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಕಾಲ ಹೆಚ್ಚು ಕಡಿಮೆ ಅದೇ. ಹೂವು ಹುಡುಕುತ್ತ ಬೇಲಿ ದಾಟಿದ ಮಗುವಿಗೆ ಈ ನೆರೆಹೊರೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಅಧ್ಯಾಪಕರ ಗಮನಕ್ಕೆ ಒಂದು ಸೂಕ್ಷ್ಮವನ್ನು ತರಬೇಕು. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ: ದೇವರು, ಮನೆ, ತಂದೆ. ಕೊಂಕಣಿಯಲ್ಲಿ ಅವೇ ದೇವ್, ಘರ್, ಬಾಪ್. ಕನ್ನಡ ಮಗು ಬಹಳ ತಡವಾಗಿ ಎದುರಿಸುವ ಅರ್ಧಾಕ್ಷರವು ಕೊಂಕಣಿ ಮಗುವಿಗೆ ಮೊದಲ ಪದದಲ್ಲಿಯೇ ಬೇಕು. 'ಹಾಂವ್' ಎಂಬಲ್ಲಿಯ ಸೊನ್ನೆ ಕನ್ನಡದ ಅನುಸ್ವಾರದಂತಲ್ಲ. ಮೂಗಿನಲ್ಲಿ ಹೊರಡುವ ಸ್ವರ. 'ಜಾಯ್' ಮತ್ತು 'ಜೀಬ್' ಎಂಬವುಗಳ ಜಕಾರ ಬರಹದಲ್ಲಿ ಒಂದೇ, ಉಚ್ಚಾರದಲ್ಲಿ ಎರಡು. ಹೀಗೆ ಕನ್ನಡ ಲಿಪಿ ಕೊಂಕಣಿಗೆ ಅಳತೆ ತೆಗೆದು ಹೊಲಿದ ಅಂಗಿಯಲ್ಲ. ಆದರೂ ಈ ಸೀಮೆಯ ಮಕ್ಕಳು ಅದನ್ನು ತೊಟ್ಟು ಬೆಳೆದರು. ಅವರು ಕನ್ನಡಕ್ಕೆ ಹೊರಗಿನವರಾಗಲಿಲ್ಲ. ಕನ್ನಡ ಮಕ್ಕಳ ಪಾಠಪುಸ್ತಕಗಳಿಗೆ ರುಚಿ ತಂದ ಪಂಜೆ ಮಂಗೇಶರಾಯರ ಮನೆಮಾತೂ, ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಇವರು ಕ್ರೈಸ್ತರಲ್ಲ, ಆದರೆ ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ಆ ಪೈಗಳೇ.

ಕಥೋಲಿಕ ಶಾಲೆಯ ಬೆಂಚಿನಲ್ಲಿ ಕಥೋಲಿಕರು ಮಾತ್ರ ಕುಳಿತುಕೊಳ್ಳುವುದಿಲ್ಲ. ಹಿಂದೂ ಮುಸಲ್ಮಾನ ಮಕ್ಕಳೂ ಇದ್ದಾರೆ. ಅವರಿಗೆ ಯಾವ ಪಾಠ ಎಂಬ ಶಂಕೆ ಸಹಜವೇ. ನಮ್ಮ ಸಂವಿಧಾನದ 28ನೆಯ ಅನುಚ್ಛೇದವು, ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂಡಿಸಬಾರದೆಂದು ಸ್ಪಷ್ಟವಾಗಿ ವಿಧಿಸಿದೆ. ಆದುದರಿಂದ ಒಂದು ಗುಂಪಿಗೆ ದೊತೊರ್ನ್ ನಡೆಯುವ ಹೊತ್ತಿನಲ್ಲಿ ಇನ್ನೊಂದಕ್ಕೆ ನೀತಿಪಾಠ ನಡೆಯುವುದು ಇಂತಹ ಶಾಲೆಗಳ ಸಾಮಾನ್ಯ ಕ್ರಮ. ನಿಯಮವೇನೋ ಒಳ್ಳೆಯದು, ಅದನ್ನು ಮನಸ್ಸಿಟ್ಟು ಪಾಲಿಸುವುದು ಅಧ್ಯಾಪಕರ ಧರ್ಮ. ಬೆತ್ತವೂ ಗಿಳಿಪಾಠವೂ ಈ ಶಾಲೆಗಳಲ್ಲಿ ಇರಲಿಲ್ಲವೆಂದೂ ನಾನು ಹೇಳಲಾರೆ.

1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. 1886ರಲ್ಲಿ ಸ್ಥಾಪಿತವಾದ ಮಂಗಳೂರು ಧರ್ಮಪ್ರಾಂತದ ಎಲ್ಲೆ ಮಾತ್ರ ಅದರಿಂದ ಕದಲಲಿಲ್ಲ. ಇಲ್ಲಿಯ ಕೊಂಕಣಿ ಕಥೋಲಿಕರು ಈಗಲೂ ಅದಕ್ಕೇ ಸೇರಿದವರು. ಸಂವಿಧಾನಕ್ಕೆ ಅದೇ ವರ್ಷ ಸೇರಿಸಿದ 350ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದಿತು. ಕೊಂಕಣಿ ಮಗುವಿಗೆ ಕನ್ನಡ ಮಾತೃಭಾಷೆಯಲ್ಲ, ಮಾತೃಭಾಷೆಯ ಲಿಪಿ. ಈ ಸಂಬಂಧಕ್ಕೆ ಕಾಯಿದೆಯಲ್ಲಿ ಹೆಸರಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ಲ್ಯಾಟಿನ್ ಜೊತೆಗೆ ಜನಭಾಷೆಗೆ ಎಡೆಗೊಟ್ಟ ಮೇಲೆ, ಇಗರ್ಜಿಯ ಪೂಜೆಯ ಪುಸ್ತಕಗಳೂ ಕನ್ನಡ ಲಿಪಿಯ ಕೊಂಕಣಿಯಲ್ಲಿ ಬಂದವು. ಸ್ಲೇಟಿನ ಮೇಲೆ ಕಲಿತ ಅಕ್ಷರಕ್ಕೆ ಭಾನುವಾರವೂ ಕೆಲಸ ಸಿಕ್ಕಿತು.

ಈಗಿನ ಸ್ಥಿತಿ ಬೇರೆ. ಇಂಗ್ಲಿಷ್ ಮಾಧ್ಯಮದ ಆಕರ್ಷಣೆ ಎಲ್ಲ ಮತದ ತಂದೆತಾಯಿಗಳಿಗೂ ಒಂದೇ ತೆರನಾಗಿದೆ. ಅವರನ್ನು ದೂಷಿಸಿ ಫಲವಿಲ್ಲ. ಕೆಲವು ವರ್ಷಗಳ ಹಿಂದೆ ನೆರೆಯ ಅಜ್ಜಿಯೊಬ್ಬರು ಹಳೆಯ ಕೊಂಕಣಿ ಪ್ರಾರ್ಥನಾ ಪುಸ್ತಕವನ್ನು ಹಿಡಿದು ನನ್ನ ಬಳಿಗೆ ಬಂದಿದ್ದರು. ಕಣ್ಣು ಮಂಜಾಗಿ ಅವರಿಗೆ ಓದಲಾಗುತ್ತಿರಲಿಲ್ಲ. "ಮೊಮ್ಮಗಳು ಕ್ಲಾಸಿಗೇ ಮೊದಲು ಮಾಷ್ಟ್ರೇ, ಆದರೆ ಇದು ಅವಳಿಗೆ ಬರುವುದಿಲ್ಲ. ನೀವೇ ಸ್ವಲ್ಪ ಓದಿ" ಎಂದರು. ಹುಡುಗಿ ಪಕ್ಕದಲ್ಲಿಯೇ ನಿಂತಿದ್ದಳು. ಪ್ರಾರ್ಥನೆ ಅವಳಿಗೆ ಬಾಯಿಗೆ ಬರುತ್ತಿತ್ತು. ನಾನು ಓದುತ್ತ ತಡವರಿಸಿದಲ್ಲೆಲ್ಲ ಅವಳೇ ತಿದ್ದಿದಳು. ಅಕ್ಷರ ಮಾತ್ರ ಗೊತ್ತಿರಲಿಲ್ಲ.

ಈ ಕೊರತೆಗೆ ಪರಿಹಾರ ದೊಡ್ಡದೇನೂ ಅಲ್ಲ. ಮಾಧ್ಯಮ ಯಾವುದಾದರೂ ಇರಲಿ, ಗಡಿನಾಡಿನ ಪ್ರತಿ ಶಾಲೆಯ ಒಂದನೆಯ ತರಗತಿಯಲ್ಲಿ ದಿನಕ್ಕೆ ಅರ್ಧ ತಾಸು ಕನ್ನಡ ಅಕ್ಷರಕ್ಕೆ ಮೀಸಲಿಡಬಹುದು. ಕೊಂಕಣಿ ಮಕ್ಕಳಿದ್ದಲ್ಲಿ ಅರ್ಧಾಕ್ಷರವನ್ನು ಮೊದಲೇ ಕಲಿಸಿ, ಅವರಿಗೆ ಬಾಯಲ್ಲಿ ಬರುವ ಪದಗಳನ್ನೇ ಬರೆಯಿಸಬಹುದು. ವರ್ಷ ತುಂಬುವುದರೊಳಗೆ ಮಗು ಅಜ್ಜಿಯ ಪುಸ್ತಕವನ್ನು ಬಿಡಿಸಿ ಓದೀತು. ಸಂಘದ ಸದಸ್ಯರು ತಮ್ಮ ತಮ್ಮ ಶಾಲೆಗಳಲ್ಲಿ ಇದನ್ನು ಪ್ರಯತ್ನಿಸಿ, ಅನುಭವವನ್ನು ಮುಂದಿನ ಸಂಚಿಕೆಗೆ ಬರೆದು ತಿಳಿಸಬೇಕೆಂದು ವಿನಂತಿ.