ಒಂದೇ ರೂಪದ ಎರಡು ಅಮೀಬಾ: ಆಮಶಂಕೆಯ ಪರೋಪಜೀವಿಯನ್ನು ಬೇರ್ಪಡಿಸಿದ ಆನುವಂಶಿಕ ಗುರುತುಗಳು

ಆಮಶಂಕೆ ತರುವ ಅಮೀಬಾವನ್ನು ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯ ಫ್ಯೋದರ್ ಲ್ಯೋಶ್ 1875ರಲ್ಲಿ ವರ್ಣಿಸಿದರು. ಫ್ರಿಟ್ಸ್ ಶೌಡಿನ್ 1903ರಲ್ಲಿ ಅದಕ್ಕೆ ಎಂಟಮೀಬಾ ಹಿಸ್ಟೊಲಿಟಿಕಾ ಎಂದು ಹೆಸರಿಟ್ಟರು. ಹೆಸರೇನೋ ಸಿಕ್ಕಿತು, ಒಗಟು ಬಿಡಲಿಲ್ಲ. ಕರುಳಿನಲ್ಲಿ ಈ ಅಮೀಬಾ ಇದ್ದವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಿದ್ದರು. ಕೆಲವರಿಗೆ ಮಾತ್ರ ರಕ್ತಭೇದಿಯಾಗುತ್ತಿತ್ತು, ಇನ್ನೂ ಕೆಲವರಿಗೆ ಯಕೃತ್ತಿನಲ್ಲಿ ಕೀವುಗಟ್ಟುತ್ತಿತ್ತು. ವಾಕರ್ ಮತ್ತು ಸೆಲಾರ್ಡ್ಸ್ 1913ರಲ್ಲಿ ಪ್ರಕಟಿಸಿದ ಮನಿಲಾದ ಪ್ರಯೋಗದಲ್ಲಿ 20 ಕೈದಿಗಳಿಗೆ ಇದರ ಸಿಸ್ಟುಗಳನ್ನು (ಕವಚ ಹೊದ್ದ ಸುಪ್ತ ರೂಪವನ್ನು) ತಿನ್ನಿಸಲಾಗಿತ್ತು. 18 ಮಂದಿಗೆ ಸೋಂಕು ತಗುಲಿತು, ಆಮಶಂಕೆ ಬಂದದ್ದು ನಾಲ್ವರಿಗೆ. ಇಂದಿನ ಯಾವ ನೀತಿ ಸಮಿತಿಯೂ ಒಪ್ಪಬಾರದ ಪ್ರಯೋಗ ಅದು.

ವ್ಯತ್ಯಾಸ ಇರುವುದು ರೋಗಿಯ ದೇಹದಲ್ಲಿ, ಅಮೀಬಾ ಒಂದೇ ಎಂಬುದು ಬಹುಮತದ ನಿಲುವಾಯಿತು. ಪ್ಯಾರಿಸ್ಸಿನ ಎಮಿಲ್ ಬ್ರಂಪ್ಟ್ ಮಾತ್ರ 1925ರಲ್ಲಿ ಬೇರೆ ಮಾತು ಹೇಳಿದರು: ಇವು ಎರಡು ಪ್ರಭೇದಗಳು, ನಿರುಪದ್ರವಿಯಾದದ್ದು ಎಂಟಮೀಬಾ ಡಿಸ್ಪಾರ್. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತಿದ್ದುದರಿಂದ ಅವರ ವಾದವನ್ನು ಹೆಚ್ಚಿನವರು ಒಪ್ಪಲಿಲ್ಲ. ಬ್ರಂಪ್ಟ್ 1951ರಲ್ಲಿ ತೀರಿಕೊಂಡಾಗಲೂ ಅದಕ್ಕೆ ಮನ್ನಣೆ ಸಿಕ್ಕಿರಲಿಲ್ಲ.

ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಕಾಣಿಸಿದ್ದು ಕಿಣ್ವಗಳು. ಲಂಡನ್ನಿನಲ್ಲಿ ಸಾರ್ಜೆಂಟ್ ಮತ್ತು ಸಂಗಡಿಗರು ರೋಗಿಗಳ ಮಲದಿಂದ ಅಮೀಬಾಗಳನ್ನು ಬೆಳೆಸಿ, ಒಡೆದು, ಆ ರಸವನ್ನು ಪಿಷ್ಟದ ತೆಳು ಜೆಲ್ ಮೇಲಿಟ್ಟು ವಿದ್ಯುತ್ ಹರಿಸಿದರು. ವಂಶವಾಹಿಯಲ್ಲಿ ಸಣ್ಣ ಬದಲಾವಣೆಯಾದರೆ ಕಿಣ್ವದ ವಿದ್ಯುದಂಶ ಬದಲಾಗಬಹುದು. ಆಗ ಅದು ಜೆಲ್‌ನಲ್ಲಿ ಸಾಗುವ ವೇಗವೂ ಬದಲಾಗುತ್ತದೆ. ಬಣ್ಣ ಹಾಕಿದಾಗ ಪಟ್ಟಿಗಳು ಬೇರೆ ಬೇರೆ ಜಾಗದಲ್ಲಿ ಮೂಡುತ್ತವೆ. ರೋಗ ತರುವ ಅಮೀಬಾಗಳ ಪಟ್ಟಿಗಳು ಒಂದು ರೀತಿಯಾದರೆ, ನಿರುಪದ್ರವಿಗಳವು ಇನ್ನೊಂದು ರೀತಿಯಾಗಿದ್ದವು. 1978ರ ಈ ವರದಿ ಬ್ರಂಪ್ಟ್ ವಾದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯವೆಂದು ನನ್ನ ಅಭಿಪ್ರಾಯ.

ಆದರೆ 1986ರಲ್ಲಿ ಇಸ್ರೇಲಿನ ಮಿರೆಲ್ಮನ್ ತಂಡ ನಿರುಪದ್ರವಿ ತಳಿಯೊಂದು ಪ್ರಯೋಗಾಲಯದ ಕೃಷಿಕೆಯಲ್ಲಿ ರೋಗಕಾರಕವಾಗಿ ಮಾರ್ಪಟ್ಟಿತೆಂದು ವರದಿ ಮಾಡಿತು. ಇದು ನಿಜವಾಗಿದ್ದರೆ ಪಟ್ಟಿಗಳನ್ನು ನಂಬುವಂತೆಯೇ ಇರಲಿಲ್ಲ. ತೀರ್ಪು ಡಿಎನ್‌ಎಯಿಂದ ಬಂತು. ಹ್ಯಾಂಬರ್ಗಿನಲ್ಲಿ ಟಾನಿಖ್ ತಂಡ 1989ರಲ್ಲಿ ಎರಡು ಗುಂಪುಗಳ ಜೀನೋಮ್‌ಗಳೇ ಬೇರೆ ಎಂದು ತೋರಿಸಿತು. ಪಟ್ಟಿಗಳಷ್ಟೇ ಬದಲಾಗಿದ್ದರೆ ಬೇರೆ ವಿವರಣೆ ಕೊಡಬಹುದಿತ್ತು. ಇಡೀ ಜೀನೋಮಿನುದ್ದಕ್ಕೂ ಇರುವ ಭಿನ್ನತೆ ಕೃಷಿಕೆಯಲ್ಲಿ ಅಳಿಸಿಹೋಗುವುದು ಅಸಾಧ್ಯ. ವರದಿಯಾದ 'ಪರಿವರ್ತನೆ'ಗೆ ಕಾರಣ ಕೃಷಿಕೆಗಳ ಕಲಬೆರಕೆ ಎಂದು ಕ್ಲಾರ್ಕ್ ಮತ್ತು ಡೈಮಂಡ್ 1993ರಲ್ಲಿ ವಿವರಿಸಿದರು. ಅದೇ ವರ್ಷ ಎರಡು ಪ್ರಭೇದಗಳನ್ನು ವಿಧಿವತ್ತಾಗಿ ಬೇರ್ಪಡಿಸಿ, 68 ವರ್ಷ ಹಳೆಯದಾದ ಬ್ರಂಪ್ಟ್ ಕೊಟ್ಟ ಹೆಸರನ್ನೇ ಉಳಿಸಿದರು.

ಪ್ರಭೇದಗಳನ್ನು ಬೇರ್ಪಡಿಸಿದ ಕಿಣ್ವಗಳು ಒಂದೇ ಪ್ರಭೇದದೊಳಗಿನ ತಳಿಗಳ ವಿಷಯದಲ್ಲಿ ಸೋತವು. ಕೃಷಿಕೆಯಿಂದ ಬ್ಯಾಕ್ಟೀರಿಯಾಗಳನ್ನು ತೆಗೆದರೆ ಅಥವಾ ಪಿಷ್ಟ ಸೇರಿಸಿದರೆ ಕೆಲವು ಪಟ್ಟಿಗಳೇ ಬದಲಾಗುತ್ತಿದ್ದವು. ತಳಿಗಳ ಗುರುತಿಗೆ ಟಿಆರ್‌ಎನ್‌ಎ ವಂಶವಾಹಿಗಳ ನಡುವೆ ಮರುಕಳಿಸುವ ಡಿಎನ್‌ಎ ತುಣುಕುಗಳನ್ನು ಬಳಸುವ ವಿಧಾನ 2005ರಲ್ಲಿ ಪ್ರಕಟವಾಯಿತು. ಅದರಿಂದ ಹೊರಬಿದ್ದ ಸಂಗತಿ ಅಚ್ಚರಿಯದು: ಒಬ್ಬನೇ ರೋಗಿಯ ಕರುಳಿನಲ್ಲಿ ಮತ್ತು ಯಕೃತ್ತಿನ ಕೀವಿನಲ್ಲಿ ಸಿಕ್ಕ ಅಮೀಬಾಗಳ ಗುರುತು ಬೇರೆ ಬೇರೆಯಾಗಿತ್ತು.

ರೋಗಿಯ ಪಾಲಿಗೆ ಪ್ರಭೇದ ಯಾವುದೆಂಬುದು ಮಾತ್ರೆಯ ಪ್ರಶ್ನೆ. ಡಿಸ್ಪಾರ್ ಮಾತ್ರ ಇದ್ದರೆ ಚಿಕಿತ್ಸೆ ಬೇಡ, ಸೂಕ್ಷ್ಮದರ್ಶಕದಲ್ಲಷ್ಟೇ ನೋಡಿದ್ದರೆ ವರದಿಯಲ್ಲಿ ಎರಡೂ ಹೆಸರು ಬರೆಯಬೇಕು ಎಂದು 1997ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸೂಕ್ಷ್ಮದರ್ಶಕವೊಂದನ್ನೇ ನೆಚ್ಚಿಕೊಂಡ ನಮ್ಮ ಪ್ರಯೋಗಾಲಯಗಳು ಕನಿಷ್ಠ ಅಷ್ಟನ್ನಾದರೂ ತಪ್ಪದೆ ಪಾಲಿಸಲಿ.